ಹಗ್ಗ ನನ್ನ ಕೈಯಲ್ಲೇ ಬಿಟ್ಟವರಿಗೆ

ಹಡಗಿನಿಂದ ಇಳಿದು ಎರಡು ವಾರ ಆಯಿತು. ಕಣ್ಣು ಮುಚ್ಚಿದರೆ ಮಂಚ ಇನ್ನೂ ಅಲ್ಲಾಡುತ್ತದೆ. ಅಂಗೈಯ ಬೊಬ್ಬೆಗಳು ಒಣಗಿ ಸಿಪ್ಪೆ ಏಳುತ್ತಿವೆ. ಹೇಗಿತ್ತು, ಹೇಗಿತ್ತು ಅಂತ ಎಲ್ಲರೂ ಕೇಳಿದಿರಿ. ನಾನು "ಚೆನ್ನಾಗಿತ್ತು" ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಮೊದಲ ಮೂರು ದಿನ ಚೆನ್ನಾಗಿರಲಿಲ್ಲ. ಆ ಮೂರು ದಿನ ದಾಟಿಸಿದವರಿಗೆ ಥ್ಯಾಂಕ್ಸ್ ಹೇಳದೆ ಉಳಿದ ಕಥೆ ಹೇಳೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಇದು. ಅವರಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಪರವಾಗಿಲ್ಲ, ಅವರು ಬೈದಾಗ ನಾನು ಮನಸ್ಸಿನಲ್ಲೇ ತಿರುಗಿ ಬೈದದ್ದೂ ಕನ್ನಡದಲ್ಲೇ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೆರಿಬಿಯನ್‌ನಲ್ಲಿ, ಆಂಟಿಗುವಾ ದ್ವೀಪದ ಇಂಗ್ಲಿಷ್ ಹಾರ್ಬರ್‌ನಿಂದ ದಕ್ಷಿಣಕ್ಕೆ ಡೊಮಿನಿಕಾ ತನಕ, ಎರಡು ಕೂವೆಮರದ, ಅಂದರೆ ಹಾಯಿ ಕಟ್ಟುವ ಎರಡು ಕಂಬದ, ಒಂದು ಸ್ಕೂನರ್‌ನಲ್ಲಿ ಹಾಯಿ ನಡೆಸುವುದು ಕಲಿಯಲು ಹೋದ 14 ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬಳು. ಜೂನ್‌ನಿಂದ ನವೆಂಬರ್ ತನಕ ಅಲ್ಲಿ ಚಂಡಮಾರುತದ ಕಾಲ, ಹಾಗಾಗಿ ಫೆಬ್ರವರಿ. ಹದಿನಾಲ್ಕು ಜನರಲ್ಲಿ ಹನ್ನೊಂದು ಮಂದಿ ಅಲ್ಲಿಯ ತನಕ ಹಾಯಿಹಡಗನ್ನು ಚಿತ್ರದಲ್ಲಿ ಮಾತ್ರ ನೋಡಿದವರು.

ಮೊದಲ ಥ್ಯಾಂಕ್ಸ್ ಬೋಸನ್ ಮೇಡಂಗೆ. ಹಾಯಿ, ಹಗ್ಗ, ಮರ, ಎಲ್ಲದರ ಉಸ್ತುವಾರಿ ಅವರದು. ಲಂಗರು ಎತ್ತುವ ಮುಂಚೆ ಇಡೀ ದಿನ ನಮಗೆ ಹಗ್ಗಗಳ ಪಾಠ. ಶೀಟ್ ಅಂದರೆ ಹಾಯಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಹಾಯಿಯನ್ನು ಬಿಗಿ ಮಾಡುವ, ಸಡಿಲ ಮಾಡುವ ಹಗ್ಗ ಅದು. ಹಾಯಿಯನ್ನು ಮೇಲಕ್ಕೆತ್ತುವ ಹಗ್ಗ ಹ್ಯಾಲ್ಯಾರ್ಡ್. ಎರಡೂ ಒಂದೇ ಬಣ್ಣ, ಒಂದೇ ದಪ್ಪ. ಕಟಕಟೆಯ ಉದ್ದಕ್ಕೂ ನಿಲ್ಲಿಸಿದ ಗೂಟಗಳಿಗೆ ಎಂಟರ ಆಕಾರದಲ್ಲಿ ಸುತ್ತಿರುತ್ತಾರೆ. ರಾತ್ರಿ ಕಾಣಿಸುವುದಿಲ್ಲ, ಕೈಗೇ ಗೊತ್ತಾಗಬೇಕು ಅಂತ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಹುಡುಕಿಸಿದರು. ನಗು ಬಂತು. ಮರುದಿನ ಬರಲಿಲ್ಲ.

ಮರುದಿನ ಏನಾಯಿತು ಅಂದರೆ, ಶೀಟ್ ಸಡಿಲಿಸು ಅಂತ ಅವರು ಕೂಗಿದರು, ನಾನು ಭಾರೀ ಧೈರ್ಯದಿಂದ ಹ್ಯಾಲ್ಯಾರ್ಡ್ ಬಿಚ್ಚಿದೆ. ಹಾಯಿಯ ಮೇಲಂಚನ್ನು ಹಿಡಿದಿರುವ ದೊಡ್ಡ ಮರದ ಕೋಲು ದಡ್ ಅಂತ ಒಂದು ಮೊಳ ಕೆಳಗೆ ಬಂತು. ಪೂರ್ತಿ ಬೀಳಲಿಲ್ಲ, ಯಾಕೆಂದರೆ ನಾನು ತಪ್ಪು ಗೂಟದ ಕಡೆ ಹೋಗುವುದನ್ನು ನೋಡಿದ ಕೂಡಲೇ ಅವರು ನನ್ನ ಬೆನ್ನ ಹಿಂದೆ ಬಂದು ಅದೇ ಹಗ್ಗದ ಮೇಲೆ ಕೈಯಿಟ್ಟಾಗಿತ್ತು. ಕೆಳಗೆ ಜನ ಇದ್ದರು. ನನ್ನ ಕೈಕಾಲು ನಡುಗುತ್ತಿತ್ತು, ಇನ್ನು ಈ ಹಡಗಲ್ಲಿ ತಟ್ಟೆ ತೊಳೆಯುವ ಕೆಲಸ ಬಿಟ್ಟು ಬೇರೇನೂ ಕೊಡಲ್ಲ ಅಂತಲೇ ಅಂದುಕೊಂಡೆ. ಅವರು ಜೋರಾಗಿ ಎರಡು ಮಾತು ಬೈದರು. ಆಮೇಲೆ ಅದೇ ಹಗ್ಗವನ್ನು ನನ್ನ ಕೈಗೇ ಕೊಟ್ಟು "ಈಗ ಎತ್ತು" ಅಂದರು. ಮೇಡಂ, ಬೈಗುಳ ಮರೆತಿದ್ದೇನೆ. ಹಗ್ಗ ವಾಪಸ್ ಕೊಟ್ಟದ್ದನ್ನು ಮರೆತಿಲ್ಲ.

ಆ ಸಂಜೆಯೇ ಗ್ವಾಡಲೂಪ್ ದ್ವೀಪದ ಕಡೆ ಹೊರಟೆವು. ಡೆಶೆ ಎಂಬ ಊರಿನ ಕೊಲ್ಲಿಗೆ ಸುಮಾರು 40 ನಾಟಿಕಲ್ ಮೈಲು, ನೇರ ದಕ್ಷಿಣಕ್ಕೆ. ಬೆಳಕಾದ ಮೇಲೆ ತಲುಪುವ ಹಾಗೆ ಹಾಯಿ ಕಡಿಮೆ ಮಾಡಿಕೊಂಡು ನಿಧಾನಕ್ಕೆ ಹೋಗುವ ಲೆಕ್ಕ. ಬಂದರಿನ ಬಾಯಿ ದಾಟಿದ ಕೂಡಲೇ ಗೊತ್ತಾಯಿತು. ಎಡಗಡೆ ಆಫ್ರಿಕಾ ತನಕ ನೆಲವೇ ಇಲ್ಲ, ಅಟ್ಲಾಂಟಿಕ್‌ನ ಅಲೆ ತಡೆಯಿಲ್ಲದೆ ಬಂದು ಪಕ್ಕಕ್ಕೆ ಬಡಿಯುತ್ತದೆ. ಅರ್ಧ ಗಂಟೆಯಲ್ಲಿ ನನ್ನ ಹೊಟ್ಟೆ ಬಾಯಿಗೆ ಬಂತು. ಹತ್ತಿರ ಇದ್ದ ಕಡೆ ಓಡಿದೆ, ಅದು ಎಡಗಡೆ. ಗಾಳಿ ಬರುವ ಕಡೆ. ಮುಂದೆ ಏನಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ನನ್ನ ಪಕ್ಕದಲ್ಲಿ ನಿಂತಿದ್ದ, ನಮ್ಮದೇ ಪಾಳಿಯ ಹುಡುಗ ತನ್ನ ರೈನ್‌ಕೋಟ್ ಒಮ್ಮೆ ನೋಡಿಕೊಂಡ, ನನ್ನ ಸುರಕ್ಷತಾ ಪಟ್ಟಿಯ ಕೊಕ್ಕೆಯನ್ನು ಬಿಚ್ಚಿ ಬಲಗಡೆಯ ಹಗ್ಗಕ್ಕೆ ಸಿಕ್ಕಿಸಿದ, ಆಮೇಲೆ ತಾನೂ ಬಂದು ನನ್ನ ಜೊತೆಗೇ ವಾಂತಿ ಮಾಡಿದ. ನಮ್ಮ ಪರಿಚಯ ಆದದ್ದು ಹೀಗೆ.

ಕೆಳಗೆ ಹೋಗಿ ಮಲಗುತ್ತೇನೆ ಅಂತ ನಾನು ಹಟ ಹಿಡಿದಾಗ ಬಿಡದವರು ಅಡುಗೆಯವರು. ಒಳಗೆ ಹೋದರೆ ಕಣ್ಣಿಗೆ ಎಲ್ಲ ಸ್ಥಿರವಾಗಿ ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಮಾತ್ರ ಅಲ್ಲಾಡುತ್ತಿದೆ ಅನ್ನುತ್ತದೆ, ಈ ಜಗಳಕ್ಕೇ ತಲೆ ಸುತ್ತುವುದು. ಡೆಕ್ ಮೇಲೇ ಕೂತು ದಿಗಂತ ನೋಡು ಅಂದರು. ಒಣ ಬಿಸ್ಕತ್ತು, ಒಂದು ಚೂರು ಶುಂಠಿ, ಗುಟುಕು ಗುಟುಕಾಗಿ ನೀರು. ಪ್ರತಿ ಸಲ ಹೊರಗೆ ಹೋದದ್ದಕ್ಕೆ ಸಮವಾಗಿ ಮತ್ತೆ ಗುಟುಕು. ಆ ಅಲೆಯಲ್ಲಿ ಒಲೆಯನ್ನೂ ನೋಡಿಕೊಂಡು ನಮ್ಮನ್ನೂ ನೋಡಿಕೊಂಡರು. ಅವರಿಗೆ ನಿದ್ದೆ ಯಾವಾಗ ಅಂತ ಕೊನೆಗೂ ಗೊತ್ತಾಗಲಿಲ್ಲ.

ಮೂರು ತಂಡ, ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ನಮ್ಮದು 12ರಿಂದ 4ರ ಪಾಳಿ, ಹಗಲೂ ಅದೇ, ರಾತ್ರಿಯೂ ಅದೇ. ಮಧ್ಯರಾತ್ರಿ ತೂರಾಡಿಕೊಂಡು ಮೇಲೆ ಬಂದರೆ ಮೇಟ್ ಸರ್, ಅಂದರೆ ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ, ನನ್ನನ್ನೇ ಚುಕ್ಕಾಣಿಗೆ ನಿಲ್ಲಿಸಿದರು. ನನ್ನಿಂದ ಆಗಲ್ಲ ಅಂದೆ. ಆಗದವರಿಗೇ ಇದು ಔಷಧಿ ಅಂದರು. ದಿಕ್ಸೂಚಿಯ ಮುಳ್ಳು ನೋಡಿಕೊಂಡು ನಡೆಸಲು ಹೊರಟೆ, ಮುಳ್ಳು ಎಡಕ್ಕೆ ಹೋದರೆ ನಾನು ಬಲಕ್ಕೆ, ಅದು ಬಲಕ್ಕೆ ಹೋದರೆ ನಾನು ಎಡಕ್ಕೆ, ಹಡಗು ಹಾವಿನ ಹಾಗೆ ಹರಿದಾಡಿತು. ಸರ್ ಹತ್ತು ನಿಮಿಷ ಸುಮ್ನೆ ನೋಡಿದರು. ಹತ್ತು ನಿಮಿಷ! ಅವರ ಜಾಗದಲ್ಲಿ ನಾನಿದ್ದರೆ ಎರಡನೇ ನಿಮಿಷಕ್ಕೇ ಚಕ್ರ ಕಿತ್ತುಕೊಳ್ಳುತ್ತಿದ್ದೆ. ಆಮೇಲೆ ಮುಂದಿನ ಕೂವೆಮರದ ಪಕ್ಕ ಒಂದು ನಕ್ಷತ್ರ ತೋರಿಸಿ, ಇದನ್ನು ಅಲ್ಲೇ ಇಟ್ಟುಕೋ, ಮುಳ್ಳನ್ನು ಆಗಾಗ ನೋಡಿದರೆ ಸಾಕು, ಕಾಲು ಗಂಟೆಗೊಮ್ಮೆ ಬೇರೆ ನಕ್ಷತ್ರ ಆರಿಸಿಕೋ ಅಂದರು. ಹಡಗು ನೆಟ್ಟಗಾಯಿತು. ಎಷ್ಟು ಹೊತ್ತಿನ ಮೇಲೋ ನೆನಪಾಯಿತು, ನನಗೆ ವಾಂತಿ ಬರುತ್ತಲೇ ಇಲ್ಲ.

ಆ ರಾತ್ರಿ ಕ್ಯಾಪ್ಟನ್ ಕೂಡ ಮೇಲೆ ಬಂದರು, ಕಾಫಿ ಲೋಟ ಹಿಡಿದುಕೊಂಡು. ಗಾಳಿ ಯಾಕೆ ಯಾವಾಗಲೂ ಎಡಗಡೆಯಿಂದಲೇ ಬರುತ್ತದೆ ಅಂತ ಕೇಳಿದೆ. ವಾಣಿಜ್ಯ ಮಾರುತ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅದೇ ಗಾಳಿ ಇದು. ಸಮಭಾಜಕದ ಹತ್ತಿರ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಉತ್ತರದಿಂದ ಗಾಳಿ ನುಗ್ಗುತ್ತದೆ, ಭೂಮಿ ತಿರುಗುವುದರಿಂದ ಅದು ಪಶ್ಚಿಮಕ್ಕೆ ವಾಲಿಕೊಳ್ಳುತ್ತದೆ. ಹಿಂದೆ ತಿರುಗಿ ಧ್ರುವ ನಕ್ಷತ್ರ ನೋಡಿಸಿದರು. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ನಕ್ಷತ್ರ ದಿಗಂತದಿಂದ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿತ್ತು. ನಾವಿದ್ದದ್ದೂ 17 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ವಾಂತಿ ಮಾಡಿ ಸುಸ್ತಾದ ಹುಡುಗಿಗೆ ರಾತ್ರಿ ಎರಡು ಗಂಟೆಗೆ ಇಷ್ಟು ತಾಳ್ಮೆಯಿಂದ ಯಾರು ಹೇಳುತ್ತಾರೆ, ಹೇಳಿ.

ಉಳಿದದ್ದು ಬೇಗ ಹೇಳುತ್ತೇನೆ. ಗ್ವಾಡಲೂಪ್‌ನ ಬೆಟ್ಟಗಳ ಮರೆಗೆ ಬಂದಾಗ ಗಾಳಿ ಸತ್ತೇ ಹೋಯಿತು. ಅಲ್ಲಿಯ ಸೂಫ್ರಿಯೇರ್ ಜ್ವಾಲಾಮುಖಿ ಒಂದೇ 1,467 ಮೀಟರ್ ಎತ್ತರ. ಹಾಯಿಗಳು ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದವು. ದ್ವೀಪದ ದಕ್ಷಿಣದ ತುದಿ ದಾಟುವಾಗ ಗಾಳಿ ಒಮ್ಮೆಲೇ ಬಂದು ಹೊಡೆಯಿತು, ಶೀಟ್ ಸಡಿಲಿಸು ಅಂತ ಅದೇ ದನಿ ಕೂಗಿತು, ಈ ಸಲ ನನ್ನ ಕೈ ನೇರ ಶೀಟ್ ಮೇಲೆಯೇ ಇತ್ತು. ಯಾರೂ ಶಭಾಷ್ ಅನ್ನಲಿಲ್ಲ. ಬೋಸನ್ ಮೇಡಂ ನನ್ನ ಕಡೆ ನೋಡಲೂ ಇಲ್ಲ, ನೋಡುವ ಅಗತ್ಯ ಇಲ್ಲದ ಹಾಗೆ ಬೇರೆ ಕಡೆ ನಡೆದರು. ನನಗೆ ಕುಣಿಯಬೇಕು ಅನಿಸಿತು.

ಪಾಳಿಯ ಗೆಳೆಯರಿಗೂ ಥ್ಯಾಂಕ್ಸ್. ಸಮುದ್ರದ ನೀರಲ್ಲಿ ತಟ್ಟೆ ತೊಳೆದು ಕೊನೆಗೆ ಒಂದೇ ಲೋಟ ಸಿಹಿನೀರಲ್ಲಿ ಜಾಲಿಸುವುದನ್ನು ಕಲಿಸಿದ್ದಕ್ಕೆ, ಬೆಳಗ್ಗೆ ಡೆಕ್ ಮೇಲೆ ಬಿದ್ದಿದ್ದ ಹಾರುಮೀನು ತೋರಿಸಲು ಬಂದು ನನ್ನ ನಿದ್ದೆ ಕೆಡಿಸಿದ್ದಕ್ಕೆ ಕೂಡ.

ಆ ರೈನ್‌ಕೋಟ್ ಈಗ ನನ್ನ ಹತ್ತಿರಾನೇ ಇದೆ. ತೊಳೆದು ಕೊಡುತ್ತೇನೆ ಅಂತ ಇಸಿದುಕೊಂಡಿದ್ದೆ, ಇಳಿಯುವ ಗಡಿಬಿಡಿಯಲ್ಲಿ ನನ್ನ ಚೀಲಕ್ಕೇ ಸೇರಿಬಿಟ್ಟಿದೆ. ಮೂರು ಸಲ ತೊಳೆದೆ. ಎಡತೋಳಿನ ಕಲೆ ಮಾತ್ರ ಹೋಗುತ್ತಿಲ್ಲ. ಈ ವಾರ ಪಾರ್ಸೆಲ್ ಮಾಡುತ್ತೇನೆ.