ರೋಮನ್ ಕಾನೂನು ಓದುತ್ತಿರುವ ಮಗಳಿಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಪತ್ರ ತಲುಪಿತು. ಹೆತ್ತ ಮಗನನ್ನು ಕೊಲ್ಲುವ ಅಧಿಕಾರವನ್ನೂ ತಂದೆಗೆ ಕೊಟ್ಟಿದ್ದ ರೋಮನ್ನರಿಂದ ಕಲಿಯುವುದೇನಿದೆ ಎಂದು ಕೇಳಿದ್ದೀಯ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿನಲ್ಲಿ ಪುಸ್ತಕ ಮುಚ್ಚಬೇಡ.

ಮೊದಲು ಗಾಯಸ್‌ನನ್ನು ಓದು. ಕ್ರಿ.ಶ. 2ನೇ ಶತಮಾನದ ಈ ಕಾನೂನು ಗುರು, ಮಕ್ಕಳ ಮೇಲೆ ಇಂಥ ಅಧಿಕಾರ ರೋಮನ್ ಪ್ರಜೆಗಳಿಗಲ್ಲದೆ ಬೇರೆ ಯಾರಿಗೂ ಇಲ್ಲವೆನ್ನಬಹುದು ಎಂದು ತಾನೇ ಬರೆದಿದ್ದಾನೆ. ಪಾಟ್ರಿಯಾ ಪೊಟೆಸ್ಟಾಸ್ ಎಂಬ ಆ ಅಧಿಕಾರಕ್ಕೆ ಮಕ್ಕಳ ವಯಸ್ಸಿನ ಮಿತಿ ಇರಲಿಲ್ಲ. ಮಗ ಕಾನ್ಸಲ್ ಎಂಬ ಅತ್ಯುನ್ನತ ಅಧಿಕಾರಿಯಾಗಿ ರಾಜ್ಯವಾಳುತ್ತಿದ್ದರೂ ತಂದೆ ಬದುಕಿರುವವರೆಗೆ ಅವನ ಗಳಿಕೆ ತಂದೆಯದೇ. ಸೈನಿಕ ಸೇವೆಯ ಗಳಿಕೆಯ ಬಗ್ಗೆ ಮಗ ಉಯಿಲು ಬರೆಯಬಹುದೆಂದು ಚಕ್ರವರ್ತಿ ಅಗಸ್ಟಸ್ ಅನುಮತಿ ಕೊಟ್ಟ ಮೇಲೆಯೇ ಇದು ಸ್ವಲ್ಪ ಸಡಿಲವಾಯಿತು. ಹಾಗೆಂದು ಪ್ರತಿ ಮನೆಯಲ್ಲೂ ನಡುವಯಸ್ಸಿನ ಮಕ್ಕಳು ಮುದಿ ತಂದೆಯ ಕೈಕೆಳಗಿದ್ದರೆಂದು ಭಾವಿಸಬೇಡ. ಆ ಕಾಲದ ಆಯುಷ್ಯ ಕಡಿಮೆ. ಮದುವೆಯ ವಯಸ್ಸಿಗೆ ಬರುವಷ್ಟರಲ್ಲೇ ಎಷ್ಟೋ ಗಂಡುಮಕ್ಕಳು ತಂದೆಯನ್ನು ಕಳೆದುಕೊಂಡಿರುತ್ತಿದ್ದರು.

ನೀನು ನಿಂತು ಓದಬೇಕಾದದ್ದು ಬಿಡುಗಡೆಯ ವಿಧಾನವನ್ನು. ತಂದೆ ಮಗನನ್ನು ಮೂರು ಬಾರಿ ಮಾರಿದರೆ ಮಗ ತಂದೆಯಿಂದ ಮುಕ್ತ ಎಂದು ರೋಮಿನ ಹಳೆಯ ಶಾಸನವಾದ, ಕ್ರಿ.ಪೂ. 451–450ರ ಹನ್ನೆರಡು ಫಲಕಗಳ ಕಾನೂನು ಹೇಳುತ್ತದೆ. ಮಗನನ್ನು ಮತ್ತೆ ಮತ್ತೆ ಮಾರುವ ತಂದೆಗೆ ಹಾಕಿದ ಕಡಿವಾಣ ಅದು ಎಂದೇ ನನ್ನ ಎಣಿಕೆ. ಮುಂದೆ ನ್ಯಾಯವಿದರು ಅದನ್ನೇ ಬಾಗಿಲಾಗಿ ಮಾಡಿಕೊಂಡರು. ಮಾರಾಟದ ವಿಧಿಗೆ ಬೇಕಾದವರು ಐವರು ಸಾಕ್ಷಿಗಳು, ತಕ್ಕಡಿ ಹಿಡಿದ ಒಬ್ಬ, ಕೊಳ್ಳುವವನಾಗಿ ನಂಬಿಕೆಯ ಒಬ್ಬ ಸ್ನೇಹಿತ. ತಂದೆ ಮಗನನ್ನು ಸ್ನೇಹಿತನಿಗೆ ಮಾರುತ್ತಾನೆ, ಸ್ನೇಹಿತ ಬಿಡುಗಡೆ ಮಾಡುತ್ತಾನೆ, ಮಗ ಮತ್ತೆ ತಂದೆಯ ಅಧಿಕಾರಕ್ಕೆ ಮರಳುತ್ತಾನೆ. ಇನ್ನೊಮ್ಮೆ ಹಾಗೆಯೇ. ಮೂರನೆಯ ಮಾರಾಟಕ್ಕೆ ತಂದೆಯ ಅಧಿಕಾರ ಕಡಿಯುತ್ತದೆ. ಶಾಸನದ ಒಂದಕ್ಷರವನ್ನೂ ಅಳಿಸದೆ ಅದರಿಂದ ಸ್ವಾತಂತ್ರ್ಯವನ್ನು ಹೊರತೆಗೆದ ಈ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಹೆಣ್ಣುಮಕ್ಕಳಿಗೂ ಮೊಮ್ಮಕ್ಕಳಿಗೂ ಒಂದೇ ಮಾರಾಟ ಸಾಕಾಗುತ್ತಿತ್ತು. ಈ ಇಡೀ ವಿಧಿಯನ್ನು ಕೈಬಿಟ್ಟು, ಅಧಿಕಾರಿಯ ಮುಂದೆ ಹೇಳಿದರೆ ಸಾಕು ಎಂದವನು 6ನೇ ಶತಮಾನದ ಚಕ್ರವರ್ತಿ ಜಸ್ಟಿನಿಯನ್.

ಕೊಲ್ಲುವ ಅಧಿಕಾರದ ವಿಷಯಕ್ಕೆ ಬಂದರೆ, ನ್ಯಾಯವಿದ ಮಾರ್ಸಿಯಾನಸ್ ದಾಖಲಿಸಿದ ಒಂದು ಪ್ರಕರಣವನ್ನು ಹುಡುಕಿ ಓದು. ಮಲತಾಯಿಯೊಂದಿಗೆ ಸಂಬಂಧವಿಟ್ಟುಕೊಂಡಿದ್ದ ಮಗನನ್ನು ತಂದೆ ಬೇಟೆಯ ಸಮಯದಲ್ಲಿ ಕೊಂದ. ಚಕ್ರವರ್ತಿ ಹೇಡ್ರಿಯನ್ ಆ ತಂದೆಯನ್ನು ದ್ವೀಪಕ್ಕೆ ಗಡೀಪಾರು ಮಾಡಿದ. ತಂದೆಯ ಹಕ್ಕನ್ನು ಚಲಾಯಿಸಿದವನಂತಲ್ಲ, ದರೋಡೆಕೋರನಂತೆ ಕೊಂದನೆಂಬುದು ಕಾರಣ. ತಂದೆಯ ಅಧಿಕಾರ ನೆಲೆಸಬೇಕಾದದ್ದು ವಾತ್ಸಲ್ಯದಲ್ಲಿ, ಕ್ರೌರ್ಯದಲ್ಲಲ್ಲ. ಗಮನಿಸು, ಹಕ್ಕೇ ಇಲ್ಲವೆಂದು ಇಲ್ಲಿ ಯಾರೂ ಹೇಳಲಿಲ್ಲ. ಮಗನನ್ನು ಕೊಂದ ತಂದೆಗೆ ಚಕ್ರವರ್ತಿ ಕಾನ್‌ಸ್ಟಂಟೈನ್ ಶಾಸನದಲ್ಲೇ ಕಠೋರ ಶಿಕ್ಷೆ ವಿಧಿಸಿದ್ದು 4ನೇ ಶತಮಾನದಲ್ಲಿ. ತೀರ್ಪು ಮೊದಲು ಬಂತು, ಶಾಸನ ಆಮೇಲೆ.

ನಮ್ಮ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಹಿಂದೂ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರದೊಂದಿಗೆ ಹೋಲಿಸುವ ಆಸೆ ನಿನಗೆ ಬಂದೇ ಬರುತ್ತದೆ. ಹೋಲಿಸು, ಆದರೆ ಎಚ್ಚರಿಕೆಯಿಂದ. ಮಿತಾಕ್ಷರದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ. ರೋಮಿನಲ್ಲಿ ತಂದೆ ಇರುವವರೆಗೆ ಮಗನಿಗೆ ಅಂಥ ಹಕ್ಕಿಲ್ಲ. ಆದರೆ ಉಯಿಲು ಬರೆಯದೆ ತಂದೆ ಸತ್ತರೆ, ಅವನ ಅಧಿಕಾರದಲ್ಲಿದ್ದ ಮಗಳಿಗೆ ಮಗನಷ್ಟೇ ಪಾಲು. ಗಂಡನ ಅಧಿಕಾರಕ್ಕೆ ಒಳಪಡದ ಮದುವೆಯಾಗಿದ್ದರೆ, ಕೊಟ್ಟ ಮನೆಯಲ್ಲಿದ್ದರೂ ಆ ಪಾಲು ಅವಳದೇ. ಅವಳ ವ್ಯವಹಾರಕ್ಕೆ ಪೋಷಕನೊಬ್ಬನ ಒಪ್ಪಿಗೆ ಬೇಕಾಗುತ್ತಿತ್ತು ಎಂಬುದನ್ನೂ ಬರೆದುಕೋ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಸಮಪಾಲಿನ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ. ರೋಮನ್ನರು ಅನಾಗರಿಕರು ಎಂಬ ಮಾತನ್ನು ನಿನ್ನ ಪ್ರಬಂಧದಲ್ಲಿ ಬಳಸುವ ಮುನ್ನ ಇದನ್ನೆಲ್ಲ ಒಟ್ಟಿಗಿಟ್ಟುಕೊಂಡು ಯೋಚಿಸು.

ಅನುವಾದದಲ್ಲೇ ನಿಲ್ಲದೆ ಗಾಯಸ್‌ನ ‘ಇನ್‌ಸ್ಟಿಟ್ಯೂಟ್ಸ್’ ಎಂಬ ಕಾನೂನು ಪಠ್ಯದ ಮೊದಲ ಭಾಗವನ್ನಾದರೂ ಲ್ಯಾಟಿನ್ನಿನಲ್ಲಿ ಓದುವಷ್ಟು ಕಲಿತುಕೋ. ಅವನದು ಸರಳ ಶೈಲಿ. ಹೇಡ್ರಿಯನ್ ತೀರ್ಪಿನ ಬಗ್ಗೆ ನೀನು ಬರೆಯುವ ಪುಟಗಳನ್ನು ನಿನ್ನ ಗುರುಗಳಿಗೆ ಒಪ್ಪಿಸುವ ಮೊದಲು ನನಗೂ ಕಳುಹಿಸು.

ಇಂತಿ,
ನಿನ್ನ ದೊಡ್ಡಪ್ಪ