ಮೆಸ್ಸಿನ ಲೆಕ್ಕದ ಪುಸ್ತಕವೂ ತುಮಕೂರಿನ ಚರಿತ್ರೆ

ಮಾನ್ಯರೇ,

ತುಮಕೂರನ್ನು ಎಲ್ಲರೂ ಶೈಕ್ಷಣಿಕ ನಗರ ಅಂತ ಕರೆಯುತ್ತಾರೆ. ಹಾಗೆ ಹೇಳುವಾಗ ಕಾಲೇಜಿನ ಹೆಸರು ಬರುತ್ತದೆ, ಇಸವಿ ಬರುತ್ತದೆ. 1963ರಲ್ಲಿ ಸಿದ್ದಗಂಗಾ ಇಂಜಿನಿಯರಿಂಗ್ ಕಾಲೇಜು, 1979ರಲ್ಲಿ ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜು, 2004ರಲ್ಲಿ ವಿಶ್ವವಿದ್ಯಾಲಯ. ಎಲ್ಲಾ ಸರಿ. ಆದರೆ ಹಳ್ಳಿಯಿಂದ ಬಂದ ಮಕ್ಕಳು ಎಲ್ಲಿ ಮಲಗಿದರು, ಏನು ಉಂಡರು ಅನ್ನೋದನ್ನೂ ಬರೆದಿಡಬೇಕಲ್ವಾ? ನಾನು ಎಸ್‌ಎಸ್ ಪುರಂನಲ್ಲಿ 1986ರಿಂದ 2011ರವರೆಗೆ ಮೆಸ್ ನಡೆಸಿದವಳು. ಅದಕ್ಕೇ ಈ ಪತ್ರ.

ನನ್ನ ಹತ್ತಿರ ಏಳು ಲೆಕ್ಕದ ಪುಸ್ತಕಗಳಿವೆ. ಕೆಂಪು ರಟ್ಟಿನ ಉದ್ದನೆಯ ಪುಸ್ತಕಗಳು. ಒಂದೊಂದು ಸಾಲು ಒಬ್ಬೊಬ್ಬ ಹುಡುಗನದು. ಉಂಡ ದಿನಕ್ಕೆ ಗೀಟು, ಬಾರದ ದಿನಕ್ಕೆ ಸೊನ್ನೆ. ಒಂದೇ ಹೆಸರಿನವರು ಮೂರ್ನಾಲ್ಕು ಜನ ಇರುತ್ತಿದ್ದರಿಂದ ಹೆಸರಿನ ಪಕ್ಕ ಊರನ್ನೂ ಬರೆಯುತ್ತಿದ್ದೆ: ಮಧುಗಿರಿ, ಶಿರಾ, ಕೊರಟಗೆರೆ, ತಿಪಟೂರು. ಮೊದಲನೇ ಪುಸ್ತಕದಲ್ಲಿ ಪಾವಗಡದ ಹುಡುಗನೊಬ್ಬನ ಸಾಲಿನಲ್ಲಿ ದುಡ್ಡು ಬರೆಯುವ ಜಾಗದಲ್ಲಿ 'ಕಡ್ಲೆಕಾಯಿ, ಒಂದು ಮೂಟೆ' ಅಂತಿದೆ. ಅವರಪ್ಪ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದರು. ಒಳಗೆ ಬನ್ನಿ ಅಂದರೂ ಬಾಗಿಲಲ್ಲೇ ನಿಂತು ತೆಲುಗಿನಲ್ಲಿ ಮಾತಾಡಿದರು. ಪಾವಗಡದ ಸುತ್ತ ಆಂಧ್ರ ತಾನೇ, ಅಲ್ಲಿ ಮನೆಮಾತು ತೆಲುಗು ಇರುವವರು ಜಾಸ್ತಿ. ನನಗೆ ತೆಲುಗು ಅರ್ಧಂಬರ್ಧ. ಆದರೂ ಅವರ ಕಷ್ಟ ತಿಳಿಯಿತು. ಎರಡು ತಿಂಗಳ ಊಟಕ್ಕೆ ಇಷ್ಟು ಸಾಕು ಅಣ್ಣ ಅಂದೆ. ಆ ಚಳಿಗಾಲವೆಲ್ಲ ನಮ್ಮ ಮೆಸ್ಸಿನಲ್ಲಿ ಕಡ್ಲೆಕಾಯಿ ಚಟ್ನಿ.

ಇದು ನಾನೊಬ್ಬಳೇ ಮಾಡಿದ್ದಲ್ಲ. ನಮ್ಮತ್ತೆಯ ಕಾಲದಲ್ಲಿ ವಾರಾನ್ನದ ಹುಡುಗರು ಬರುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಕ್ಯಾತ್ಸಂದ್ರದ ಹತ್ತಿರ ಸಿದ್ದಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಕೊಟ್ಟರು. ಸುಗ್ಗಿ ಮುಗಿದ ಮೇಲೆ ರೈತರು ತಾವೇ ಮಠಕ್ಕೆ ರಾಗಿ, ಭತ್ತ ತಂದು ಹಾಕುತ್ತಿದ್ದರು. ನಮ್ಮ ಊರಿನ ಓದಿನ ಬುಡದಲ್ಲಿರುವುದು ಆ ರಾಗಿ.

ಇನ್ನೊಂದು ಹೇಳಬೇಕು. ಇಲ್ಲಿ ವಿಶ್ವವಿದ್ಯಾಲಯ ಆಗುವ ಮುಂಚೆ ನಮ್ಮ ಡಿಗ್ರಿ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮಾರ್ಕ್ಸ್ ಕಾರ್ಡಿನಲ್ಲಿ ಒಂದಕ್ಷರ ತಪ್ಪಿದರೂ 70 ಕಿಲೋಮೀಟರ್ ಹೋಗಬೇಕಿತ್ತು. ಬೆಳಗಿನ ರೈಲಿಗೆ ಹೊರಟವರಿಗೆ ಚಿತ್ರಾನ್ನ ಕಟ್ಟಿಕೊಟ್ಟು, ಪುಸ್ತಕದಲ್ಲಿ 'ಬುತ್ತಿ' ಅಂತ ಬರೆಯುತ್ತಿದ್ದೆ. ಹಳೇ ಪುಸ್ತಕಗಳ ತುಂಬಾ ಬುತ್ತಿ, ಬುತ್ತಿ. ಕೊನೆಯ ಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹೋದ ತಿಂಗಳು ಇವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಒಂದು ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದೆ. ಅಲ್ಲಿದ್ದವರು ಎರಡು ಪುಟ ತಿರುವಿ, "ಇದು ಅಡುಗೆ ಲೆಕ್ಕ ಅಮ್ಮ, ಇಡೋಕೆ ಜಾಗ ಇಲ್ಲ" ಅಂದರು. ತುಂಬಾ ಬೇಜಾರಾಯಿತು. ಅದೇ ವಾರ ನಮ್ಮ ಹಿಂದಿನ ಬೀದಿಯಲ್ಲಿ ಸಾಲು ರೂಮುಗಳ ಹಳೇ ಮನೆ ಕೆಡವಿದರು. ಪಿಜಿ ಕಟ್ಟುತ್ತಾರಂತೆ. ಕಟ್ಟಲಿ, ಮಕ್ಕಳಿಗೆ ಜಾಗ ಬೇಕು. ಆದರೆ ಆ ರೂಮುಗಳ ಬಾಗಿಲ ಹಿಂದೆ ಹುಡುಗರು ಪರೀಕ್ಷೆಯ ತಾರೀಕು, ಊರಿನ ಬಸ್ಸಿನ ಟೈಮು ಕೆತ್ತಿಟ್ಟಿದ್ದರು. ಯಾರೂ ಒಂದು ಫೋಟೊ ಕೂಡ ತೆಗೆಯಲಿಲ್ಲ. ಬಾಗಿಲು ಗುಜರಿ ಗಾಡಿ ಹತ್ತಿದವು.

ಚರಿತ್ರೆ ಹೇಳಿಕೊಡುವ ಮೇಷ್ಟ್ರುಗಳಿಗೆ ನನ್ನದೊಂದು ಮನವಿ. ನಿಮ್ಮ ವಿದ್ಯಾರ್ಥಿಗಳನ್ನು ಒಂದು ಬೇಸಿಗೆ ರಜೆಯಲ್ಲಿ ನಮ್ಮಂಥವರ ಮನೆಗೆ ಕಳಿಸಿ. ರೂಮು ಬಾಡಿಗೆಗೆ ಕೊಟ್ಟವರು, ಮೆಸ್ ನಡೆಸಿದವರು, ಹಾಸ್ಟೆಲ್ ಅಡುಗೆಯವರು ಇನ್ನೂ ಇದ್ದಾರೆ. ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ತುಮಕೂರಿನಲ್ಲಿ ಓದಿ ಈಗ ದೂರದಲ್ಲಿರುವವರು ಹಳೇ ಊಟದ ಚೀಟಿ, ಬಾಡಿಗೆ ರಸೀದಿ, ರೂಮಿನ ಫೋಟೊ ಇದ್ದರೆ ದಯವಿಟ್ಟು ಎಸೆಯಬೇಡಿ.

ನನ್ನ ಏಳು ಪುಸ್ತಕಗಳು ಕಬ್ಬಿಣದ ಟ್ರಂಕಿನಲ್ಲಿವೆ. ಗೆದ್ದಲು ಬಾರದ ಹಾಗೆ ಬೇವಿನ ಸೊಪ್ಪು ಹಾಕಿಟ್ಟಿದ್ದೇನೆ. ಕಾಪಾಡುತ್ತೇವೆ ಅನ್ನುವವರು ಬಂದರೆ ಕೊಡುತ್ತೇನೆ.

– ಓದುಗರೊಬ್ಬರು, ಎಸ್‌ಎಸ್ ಪುರಂ, ತುಮಕೂರು