ಒಂದೇ ಕಾದಂಬರಿ, ಹಲವು ಪ್ರತಿಗಳು

ಪ್ರಿಯ ಯುವಮಿತ್ರರೆ,

ಮೆಚ್ಚಿನ ಕಾದಂಬರಿಯ ಒಂದು ಪ್ರತಿ ಕಪಾಟಿನಲ್ಲಿರುವಾಗ ಇನ್ನೊಂದನ್ನು ಕೊಳ್ಳುವುದು ಬರಿಯ ವ್ಯಾಮೋಹವಲ್ಲವೇ ಎಂದು ಕೇಳಿದ್ದೀರಿ. ಮುಖಪುಟದ ಅಂದಕ್ಕೆ ಮನಸೋತು ಕೊಂಡರೆ ಅದು ವ್ಯಾಮೋಹವೇ ಸರಿ, ಅದರಲ್ಲಿ ತಪ್ಪೂ ಇಲ್ಲ. ಆದರೆ ಬರೆಯಲು ಹೊರಟಿರುವ ನಿಮಗೆ ಅದಕ್ಕಿಂತ ದೊಡ್ಡ ಲಾಭವಿದೆ: ಲೇಖಕರು ತಮ್ಮ ಕೃತಿಯನ್ನು ಎಲ್ಲೆಲ್ಲಿ ತಿದ್ದಿದರು, ಆ ತಿದ್ದುಪಡಿಯಿಂದ ಕಥೆ ಯಾವ ಕಡೆಗೆ ವಾಲಿತು ಎಂಬುದು ಎರಡು ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ಕಣ್ಣಿಗೆ ಕಟ್ಟುತ್ತದೆ.

ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನೇ ನೋಡಿ. 1818ರಲ್ಲಿ ಅದು ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಹೊರಬಂತು. 1831ರಲ್ಲಿ ಅವರೇ ಅದನ್ನು ಪರಿಷ್ಕರಿಸಿ, ಕಥೆ ಹುಟ್ಟಿದ ಬಗೆಯನ್ನು ಹೇಳುವ ಹೊಸ ಪ್ರಸ್ತಾವನೆಯೊಡನೆ ಒಂದೇ ಸಂಪುಟವಾಗಿ ಪ್ರಕಟಿಸಿದರು. ಮೊದಲ ಪಠ್ಯದಲ್ಲಿ ಎಲಿಜಬೆತ್, ಜೀವಿಯೊಂದನ್ನು ಸೃಷ್ಟಿಸುವ ಕಥಾನಾಯಕ ವಿಕ್ಟರನ ಸೋದರತ್ತೆಯ ಮಗಳು. ನಂತರದ ಪಠ್ಯದಲ್ಲಿ ಅವಳು ಇಟಲಿಯ ಬಡ ರೈತರ ಮನೆಯಲ್ಲಿ ಬೆಳೆಯುತ್ತಿದ್ದ ಅನಾಥೆ. ವಿಕ್ಟರನ ತಾಯಿ ಅವಳನ್ನು ಕಂಡು ತನ್ನ ಮನೆಗೆ ತಂದು ಸಾಕುತ್ತಾಳೆ. ಅಷ್ಟೇ ಅಲ್ಲ, ತಿದ್ದಿದ ಪಠ್ಯದಲ್ಲಿ ವಿಕ್ಟರನು ವಿಧಿಯ ಕೈಗೆ ಸಿಕ್ಕವನಂತೆ ಹೆಚ್ಚು ಮಾತನಾಡುತ್ತಾನೆ. ಅವನ ತಪ್ಪಿನ ಹೊಣೆ ಅಷ್ಟರಮಟ್ಟಿಗೆ ಹಗುರವಾಗುತ್ತದೆ. ನನಗೆ 1818ರ ಪಠ್ಯವೇ ಹೆಚ್ಚು ಪ್ರಿಯ, ಏಕೆಂದರೆ ಅಲ್ಲಿ ಅವನು ತಾನು ಆರಿಸಿಕೊಂಡ ದಾರಿಗೆ ತಾನೇ ಉತ್ತರ ಹೇಳಬೇಕಾಗುತ್ತದೆ. ನೀವು ಎರಡನ್ನೂ ಓದಿ ಬೇರೆ ನಿಲುವಿಗೆ ಬಂದರೆ ಸಂತೋಷಪಡುತ್ತೇನೆ.

ಡಿಕನ್ಸರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕೂಡ ಇಂಥದೇ. 1861ರಲ್ಲಿ ಅದು ಮುಗಿಯುವ ಹೊತ್ತಿಗೆ, ಗೆಳೆಯರಾದ ಕಾದಂಬರಿಕಾರ ಬುಲ್ವರ್-ಲಿಟ್ಟನ್ ಅವರ ಸಲಹೆಯಂತೆ ಡಿಕನ್ಸ್ ಕೊನೆಯನ್ನು ಬದಲಿಸಿದರು. ಮೂಲದಲ್ಲಿ ಬರೆದಿದ್ದ ಮುಕ್ತಾಯ ಡಿಕನ್ಸ್ ತೀರಿಕೊಂಡ ಮೇಲೆ ಜಾನ್ ಫಾರ್‌ಸ್ಟರ್ ಬರೆದ ಅವರ ಜೀವನಚರಿತ್ರೆಯಲ್ಲಿ ಬೆಳಕಿಗೆ ಬಂತು. ಅದನ್ನು ಅನುಬಂಧವಾಗಿ ಕೊಟ್ಟಿರುವ ಪ್ರತಿಯನ್ನೇ ಹುಡುಕಿ ಕೊಳ್ಳಿ. ಮುಕ್ತಾಯದ ಕೆಲವೇ ಸಾಲುಗಳು ಇಡೀ ಪುಸ್ತಕದ ಸ್ವರವನ್ನು ಹೇಗೆ ಬದಲಿಸಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆದ್ದರಿಂದ ಪ್ರತಿಯೊಂದನ್ನು ಕೈಗೆತ್ತಿಕೊಂಡಾಗ ಮುಖಪುಟ ದಾಟಿ, ಪ್ರಕಾಶನದ ವಿವರವಿರುವ ಪುಟವನ್ನೂ, ಇದ್ದರೆ ಪಠ್ಯದ ಕುರಿತ ಸಂಪಾದಕರ ಟಿಪ್ಪಣಿಯನ್ನೂ ಮೊದಲು ಓದಿ. ಯಾವ ವರ್ಷದ ಪಠ್ಯವನ್ನು ಅನುಸರಿಸಿದ್ದಾರೆ ಎಂದು ಹೇಳದ ಪ್ರತಿ ಓದಿಗೆ ಒದಗೀತು, ಹೋಲಿಕೆಗೆ ಒದಗದು. ಹತ್ತನೆಯ ಮುದ್ರಣ ಎಂದು ಅಚ್ಚಾದ ಮಾತ್ರಕ್ಕೆ ಒಳಗೆ ಏನೋ ಬದಲಾಗಿದೆ ಎಂದುಕೊಳ್ಳಬೇಡಿ. ಎಷ್ಟೋ ಬಾರಿ ಅದೇ ಪಠ್ಯ ಮತ್ತೆ ಅಚ್ಚಾಗಿರುತ್ತದೆ. ಸಂಕ್ಷಿಪ್ತ ರೂಪವೆಂಬ ಮಾತು ಸಣ್ಣ ಅಕ್ಷರಗಳಲ್ಲಿ ಅಡಗಿರುವುದುಂಟು, ಅದನ್ನು ಹುಡುಕಿ ನೋಡಿ. ವಿದ್ವತ್ಪೂರ್ಣ ಮುನ್ನುಡಿಗಳು ಕಥೆಯನ್ನೆಲ್ಲ ಬಿಚ್ಚಿಡುವುದರಿಂದ ಅವನ್ನು ಕಾದಂಬರಿ ಮುಗಿದ ಮೇಲೆ ಓದುವುದು ಲೇಸು.

ಇನ್ನು ಕಾಗದ, ಕಟ್ಟುವಿಕೆ. ಅಂಟಿನಿಂದ ಮಾತ್ರ ಕಟ್ಟಿದ ಪುಸ್ತಕ ಪದೇ ಪದೇ ಬಿಡಿಸಿದರೆ ಬೆನ್ನು ಬಿರಿದು ಹಾಳೆ ಉದುರಿಸುತ್ತದೆ. ಹೊಲಿಗೆ ಹಾಕಿದ್ದು ಮೇಜಿನ ಮೇಲೆ ಚೆನ್ನಾಗಿ ಬಿಚ್ಚಿಕೊಂಡು ಬಹುಕಾಲ ಬಾಳುತ್ತದೆ. ದಿನವೂ ಬಳಸುವ ಪ್ರತಿಗೆ ಅಂಚು ಅಗಲವಾಗಿರಲಿ, ಪೆನ್ಸಿಲ್‌ನಲ್ಲಿ ಬರೆಯಲು ಜಾಗ ಬೇಕು. ಹಳೆಯ ಪ್ರತಿಯಲ್ಲಿ ಮಾತ್ರ ಏನನ್ನೂ ಬರೆಯಬೇಡಿ.

ಸದ್ಯಕ್ಕೆ ಎರಡೇ ಪ್ರತಿಗಳು ಸಾಕು. ನಿಮಗೆ ಬಾಯಿಪಾಠವಾಗುವಷ್ಟು ಪರಿಚಯವಿರುವ ಒಂದು ಅಧ್ಯಾಯವನ್ನು ಆರಿಸಿಕೊಂಡು, ಎರಡರಲ್ಲೂ ಸಾಲು ಸಾಲಾಗಿ ಓದಿ, ವ್ಯತ್ಯಾಸ ಕಂಡಲ್ಲಿ ಗುರುತು ಹಾಕಿ, ಲೇಖಕರು ಹಾಗೇಕೆ ಮಾಡಿರಬಹುದೆಂದು ಅಂಚಿನಲ್ಲಿ ಒಂದು ವಾಕ್ಯ ಬರೆಯಿರಿ. ಆ ಟಿಪ್ಪಣಿಗಳನ್ನು ನನಗೂ ಕಳುಹಿಸಿ. ಮೂರನೆಯ ಪ್ರತಿ ಯಾವುದಿರಬೇಕೆಂದು ಅವುಗಳನ್ನು ನೋಡಿದ ಮೇಲೆ ಬರೆಯುತ್ತೇನೆ.

ಇಂತು ನಿಮ್ಮ ಹಿತೈಷಿ